ಗೋಡಿಗೆ ತಲಿ ಹಚ್ಚಿ ನಿಂತಾಗ

ಬಳ್ಳಾರಿಯಾಗ ಜೀನ್ಸ್ ಹೊಲಿಯೋ ಕೆಲಸ ನಂದು. ಮಷಿನ್ ಮುಂದ ಬಗ್ಗಿ ಬಗ್ಗಿ ಕುತ್ತಿಗಿ ಸದಾ ನೋವು. ನನ್ನ ತಲಿ ಮೈಗಿಂತ ಮೊದಲ ಮನಿ ಸೇರತೈತಿ ಅಂತ ಹೆಂಡ್ತಿ ನಗತಾಳ.

ಒಂದಿನ ಮಾಲಕ ಫಿಜಿಯೋಥೆರಪಿ ಮೇಡಂನ ಕಾರ್ಖಾನಿಗೇ ಕರಕೊಂಡು ಬಂದ. ಕೆಟ್ಟ ಫ್ಯಾನ್ ರಿಪೇರಿ ಮಾಡಿಸಾಕ ಬ್ಯಾಸಗಿ ಪೂರ್ತಿ ಸತಾಯಿಸಿದ ಮನುಷ್ಯಾಗ ನಮ್ಮ ಕುತ್ತಿಗಿ ಮ್ಯಾಲ ಯಾಕ ಇಷ್ಟು ಪ್ರೀತಿ? ನನಗ ಅನುಮಾನ.

“ಅಣ್ಣಾರ, ಗೋಡಿಗೆ ಬೆನ್ನು ಹಚ್ಚಿ ನಿಲ್ರಿ. ಗದ್ದ ಎತ್ತಬ್ಯಾಡ್ರಿ, ಹಿಂದಕ್ಕ ಎಳೀರಿ. ತಲಿ ಗೋಡಿಗೆ ತಾಗ್ಲಿ,” ಅಂದ್ಲು ಆಕಿ.

“ಇದರಾಗ ಮಾಲಕರಿಗೇನು ಲಾಭ ಮೇಡಂ?”

“ನಿಮ್ಮ ನೋವು ಕಡಿಮಿ ಆಗತೈತಿ, ಅಷ್ಟ.”

ಎಳದೆ. ನೋಟ ನೆಟ್ಟಗಾತು. ಎದುರಿನ ಗೋಡಿ ಮ್ಯಾಲ ಕ್ಯಾಮೆರಾ!

“ನೋಡಿದ್ಯಾ, ಇದಕ್ಕ ನಮ್ಮ ಮುಖ ಕಾಣಲಿ ಅಂತನ ಈ ನಾಟಕ,” ಅಂತ ಪಕ್ಕದ ಮಷಿನ್ನಿನ ಹುಲಿಗೆಮ್ಮಗ ಪಿಸುಗುಟ್ಟಿದೆ.

“ಅದು ಹೋದ ದಸರಾದಿಂದ ಐತಲ್ಲಣ್ಣ. ನೀನು ತಲಿ ಎತ್ತಿದ್ದು ಇವತ್ತು,” ಅಂದ್ಲು.

ದಿನಾ ಮಾಡಿದ್ದಕ್ಕ ನೋವು ಇಳದೈತಿ, ಸುಳ್ಳು ಹೇಳಂಗಿಲ್ಲ. ಆದರ ಈಗ ನಾನು ಎದುರಿನ ಗೋಡಿಗೇ ಹೋಗಿ, ಕ್ಯಾಮೆರಾದ ಕೆಳಗ ಬೆನ್ನು ಹಚ್ಚಿ ನಿಲ್ತೀನಿ. ಅಲ್ಲಿ ನಾನು ಅದಕ್ಕ ಕಾಣಂಗಿಲ್ಲ.