ಎಲ್ಲ ಪ್ರತಿಗಳಲ್ಲಿ ಇಲ್ಲದ ಉತ್ತರ

ಸೆಮಿನರಿ ಬಿಟ್ಟು ಬಂದವನಿಗೆ ಲ್ಯಾಟಿನ್ ಅನ್ನ ಹಾಕುವುದಿಲ್ಲ ಎಂದು ಊರಿನಲ್ಲಿ ಎಲ್ಲರೂ ಹೇಳಿದ್ದರು. ಹಾಕಿತು. ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ, ನೀರಿನ ಪಂಪು ಮಾರುವ ಕಂಪೆನಿಯೊಂದರಲ್ಲಿ ಹಾಕಿತು. ಆ ಅನ್ನ ನೆನಪಾದರೆ ಇವತ್ತಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ತೊಂಬತ್ತರ ದಶಕದ ಕೊನೆ. ನಾನಲ್ಲಿ ಟೈಪಿಸ್ಟ್. ಅಬ್ಬಾಸಿಯಾದ ಒಂದು ಕೋಣೆಯಲ್ಲಿ ಇನ್ನೂ ಐದು ಜನರೊಂದಿಗೆ ವಾಸ. ಮದುವೆಯಾಗಿ ಎರಡು ವರ್ಷವಾದರೂ ಹೆಂಡತಿ ಊರಿನಲ್ಲೇ ಇದ್ದಳು. ಅವಳನ್ನು ಕರೆಸಿಕೊಳ್ಳಲು ಕಂಪೆನಿಯ ಪತ್ರ ಬೇಕು, ಪತ್ರಕ್ಕೆ ಮ್ಯಾನೇಜರನ ಸಹಿ ಬೇಕು. ಮ್ಯಾನೇಜರ್ ಯುರೋಪಿನವನು. ಕೇಳಿದಾಗಲೆಲ್ಲ "ನೋಡೋಣ" ಎನ್ನುತ್ತಿದ್ದ.

ಅವನಿಗೆ ಹಳೆಯ ಕಾಲದ ಹುಚ್ಚು. ರಜೆಯ ದಿನ ದೋಣಿ ಹತ್ತಿ ಫೈಲಕಾ ದ್ವೀಪಕ್ಕೆ ಹೋಗಿ ಅಲ್ಲಿ ಗ್ರೀಕರು ಬಿಟ್ಟುಹೋದ ಕೋಟೆಯ ಕಲ್ಲುಗಳನ್ನು ನೋಡಿ ಬರುತ್ತಿದ್ದ. ಮೆಸಿಡೋನಿಯಾದಿಂದ ಹೊರಟು ಸಿಂಧೂ ನದಿಯವರೆಗೆ ಗೆದ್ದುಕೊಂಡು ಬಂದ ರಾಜ ಅವನ ಪಾಲಿಗೆ ದೇವರು. ಒಂದು ದಿನ ನನ್ನ ಬಯೋಡಾಟಾದಲ್ಲಿ 'ಲ್ಯಾಟಿನ್' ಎಂಬ ಶಬ್ದ ಅವನ ಕಣ್ಣಿಗೆ ಬಿತ್ತು. ಮರುದಿನವೇ ದಪ್ಪ ಪುಸ್ತಕವೊಂದನ್ನು ನನ್ನ ಮೇಜಿನ ಮೇಲಿಟ್ಟ.

"ಇದರಲ್ಲಿ ಇಂಡಿಯಾದ ಭಾಗವನ್ನು ಇಂಗ್ಲಿಷಿಗೆ ಮಾಡು. ಹೊಸ ವರ್ಷಕ್ಕೆ ಗಿರಾಕಿಗಳಿಗೆ ಪುಸ್ತಿಕೆ ಹಂಚಬೇಕು."

ಅದು ಆ ರಾಜನ ಚರಿತ್ರೆಯಲ್ಲ, ದಂತಕತೆ. ಸಾವಿರ ವರ್ಷದ ಹಿಂದೆ ನೇಪಲ್ಸಿನ ಪಾದ್ರಿಯೊಬ್ಬ ತನ್ನ ದೊರೆಯ ಕೆಲಸಕ್ಕೆ ಕಾನ್‌ಸ್ಟಾಂಟಿನೋಪಲಿಗೆ ಹೋದವನು, ಅಲ್ಲಿ ಸಿಕ್ಕ ಗ್ರೀಕ್ ಪುಸ್ತಕವನ್ನು ಪ್ರತಿ ಮಾಡಿ ತಂದು, ದೊರೆ ಹೇಳಿದ ಮೇಲೆ ಲ್ಯಾಟಿನ್ನಿಗೆ ಇಳಿಸಿದ್ದ. ಆಮೇಲಿನವರು ಕೈಗೆ ಬಂದದ್ದನ್ನೆಲ್ಲ ಸೇರಿಸುತ್ತ ಹೋದರು. ನಾಯಿತಲೆಯ ಮನುಷ್ಯರು, ಮಾತಾಡುವ ಮರಗಳು, ಸೈನಿಕರನ್ನು ನುಂಗುವ ನದಿಮೃಗಗಳು, ಇವೆಲ್ಲ ನಮ್ಮ ದೇಶದಲ್ಲಿ ಇದ್ದವಂತೆ.

ಓದುತ್ತ ಹೋದಂತೆ ಒಂದು ಕಡೆ ನಿಂತೆ. ರಾಜ ನಮ್ಮ ದೇಶದ ಬೆತ್ತಲೆ ಜ್ಞಾನಿಗಳ ಬಳಿಗೆ ಬರುತ್ತಾನೆ. ಏನು ಬೇಕೋ ಕೇಳಿ, ಕೊಡುತ್ತೇನೆ ಎನ್ನುತ್ತಾನೆ. ನಮಗೆ ಸಾವಿಲ್ಲದ ಹಾಗೆ ಮಾಡು ಎನ್ನುತ್ತಾರೆ ಅವರು. ನಾನೇ ಸಾಯುವವನು, ಅದನ್ನು ಹೇಗೆ ಕೊಡಲಿ ಎನ್ನುತ್ತಾನೆ ರಾಜ. ಸಾಯುವವನಾದರೆ ಯಾಕೆ ಹೀಗೆ ಊರೂರು ಹಾಳು ಮಾಡುತ್ತ ತಿರುಗುತ್ತೀ ಎಂದು ಅವರು ಕೇಳುತ್ತಾರೆ.

ಮಧ್ಯಾಹ್ನದ ಊಟದ ಹೊತ್ತಿಗೆ ಇದನ್ನು ನಮ್ಮ ಸ್ಟೋರ್‌ಕೀಪರಿಗೆ ಹೇಳಿದೆ. ಅವರು ಮಂಗಳೂರಿನ ಬ್ಯಾರಿ, ನನಗಿಂತ ಹತ್ತು ವರ್ಷ ದೊಡ್ಡವರು. ಕ್ರಿಸ್ತುವನಾದ ನನ್ನನ್ನು ಅವರು ಪೊರ್ಬುಗಳೇ ಎನ್ನುತ್ತಿದ್ದರು, ನಾನು ಅವರನ್ನು ಸಾಯ್ಬರೇ ಎನ್ನುತ್ತಿದ್ದೆ.

"ಪೊರ್ಬುಗಳೇ, ಮದ್ರಸದಲ್ಲಿ ನಮಗೆ ಎರಡು ಕೊಂಬಿನ ರಾಜನ ಕತೆ ಹೇಳ್ತಿದ್ರು. ಕಬ್ಬಿಣದ ಗೋಡೆ ಕಟ್ಟಿದವನು. ಇವನೇ ಅವನಾ?"

"ಇವನೇ ಅಂತ ಕೆಲವರು, ಅಲ್ಲ ಅಂತ ಕೆಲವರು."

"ಯಾರಾದ್ರೂ ಇರ್ಲಿ. ಆ ಕೇಳಿದ್ದುಂಟಲ್ಲ, ಅದು ಕೇಳುವ ಮಾತು. ಇನ್ನೊಮ್ಮೆ ಹೇಳಿ."

ಹೇಳಿದೆ. ಅವರು ಅದನ್ನು ಹಿಂದಿಯಲ್ಲಿ ಲೋಡಿಂಗ್‌ನವರಿಗೆಲ್ಲ ಹೇಳಿದರು. ಪೈಪುಗಳ ಮೇಲೆ ಕುಳಿತು ಖುಬ್ಬೂಸ್ ರೊಟ್ಟಿ ತಿನ್ನುತ್ತಿದ್ದ ಜನ ತಲೆದೂಗಿದರು.

ಅನುವಾದ ಮುಗಿಸಿ ಒಪ್ಪಿಸಿದಾಗ ಮ್ಯಾನೇಜರ್ ಆ ಪುಟದ ಮೇಲೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದ. ರಾಜ 'ಏನು ಬೇಕೋ ಕೇಳಿ' ಎನ್ನುವಲ್ಲಿಗೆ ನಿಲ್ಲಿಸು ಎಂದ.

"ಇದೇ ಇದರ ಜೀವ, ಸರ್."

"ಇದು ಪಂಪಿನ ಕಂಪೆನಿ, ಉಪದೇಶದ ಕಂಪೆನಿ ಅಲ್ಲ. ನಾಯಿತಲೆಯವರನ್ನು ದೊಡ್ಡದಾಗಿ ಹಾಕು, ಜನಕ್ಕೆ ಖುಷಿಯಾಗ್ತದೆ." ಆಮೇಲೆ ನಗುತ್ತ, "ನಿಮ್ಮ ಅಜ್ಜಂದಿರಲ್ಲವಾ?" ಎಂದ.

ನಾನೂ ನಕ್ಕೆ. ಅವನಿಗಿಂತ ಹೆಚ್ಚು ನನಗೆ ಹೇಸಿಗೆ ತರುವುದು ಆ ನಗು. ಹೆಂಡತಿಯ ವೀಸಾ ಕಾಗದ ಅವನ ಡ್ರಾಯರಿನಲ್ಲಿತ್ತು. ನೇಪಲ್ಸಿನ ಆ ಪಾದ್ರಿಯೂ ದೊರೆಯ ಅಪ್ಪಣೆಗೇ ಅನುವಾದ ಮಾಡಿದವನು, ದೊರೆಯ ಅನ್ನ ಉಂಡವನು. ಆದರೂ ಆ ಮಾತನ್ನು ಅವನು ಬಿಟ್ಟಿರಲಿಲ್ಲ. ನಾನು ಬಿಟ್ಟೆ.

ಬಿಟ್ಟೂ ಬಿಡದವನ ಹಾಗೆ ಒಂದು ಕಳ್ಳ ಕೆಲಸ ಮಾಡಿದೆ. ಕೊನೆಯ ಪುಟದ ಅಡಿಯಲ್ಲಿ, ಬಳ್ಳಿಯ ಚಿತ್ರದ ನಡುವೆ, ಜ್ಞಾನಿಗಳ ಪ್ರಶ್ನೆಯನ್ನು ಲ್ಯಾಟಿನ್ನಿನಲ್ಲೇ ಅಲಂಕಾರದ ಅಕ್ಷರದಲ್ಲಿ ಸೇರಿಸಿದೆ. ಮ್ಯಾನೇಜರಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಪ್ರೂಫ್ ನೋಡಿ "ಇದು ಚೆಂದ ಕಾಣ್ತದೆ" ಎಂದ. ಅಂದು ಕೋಣೆಗೆ ಹೋಗುವ ಬಸ್ಸಿನಲ್ಲಿ ನನ್ನಷ್ಟು ಶೂರ ಬೇರಿಲ್ಲ ಎಂದುಕೊಂಡೆ. ಒಬ್ಬನಿಗೂ ಅರ್ಥವಾಗದ ಭಾಷೆಯಲ್ಲಿ ಸಿಟ್ಟು ಮಾಡಿದವನು ಶೂರನಂತೆ. ಥೂ.

ಪುಸ್ತಿಕೆಯ ಬಿಡುಗಡೆ ನಮ್ಮ ಶೋರೂಮಿನಲ್ಲೇ ಆಯಿತು. ಕಂಪೆನಿಯ ಯಜಮಾನ, ಅಂದರೆ ನಮ್ಮೆಲ್ಲರ ಕಫೀಲ್, ಮುಂದಿನ ಕುರ್ಚಿಯಲ್ಲಿದ್ದರು. ಗಿರಾಕಿಗಳು ಇಪ್ಪತ್ತು ಮೂವತ್ತು ಜನ. ಸ್ಟೋರಿನವರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಮ್ಯಾನೇಜರ್ ಸೊಗಸಾಗಿ ಓದಿದ, ನಾಯಿತಲೆಯವರ ಭಾಗಕ್ಕೆ ಎಲ್ಲರೂ ನಕ್ಕರು. ರಾಜ 'ಏನು ಬೇಕೋ ಕೇಳಿ' ಎಂದಲ್ಲಿಗೆ ಪುಸ್ತಿಕೆ ಮುಚ್ಚಿದ. ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಂತ ಮೇಲೆ ಸಾಯ್ಬರು ಕೈ ಎತ್ತಿದರು.

"ಸರ್, ಕಿಂಗ್ ಟೆಲ್ಲಿಂಗ್, ಆಸ್ಕ್. ಗುಡ್. ಇಂಡಿಯಾ ಪೀಪಲ್ ವಾಟ್ ಆಸ್ಕಿಂಗ್? ದಟ್ ನಾಟ್ ಹಿಯರ್. ವೈ ಸರ್?"

ಕಫೀಲ್ ತಿರುಗಿ ನೋಡಿದರು. ಅವರಿಗೂ ಅದು ಏನೆಂದು ತಿಳಿಯಬೇಕಿತ್ತು. ಅವರು ಮ್ಯಾನೇಜರನ ಮುಖ ನೋಡಿದರು, ಮ್ಯಾನೇಜರ್ ನನ್ನ ಮುಖ ನೋಡಿದ.

"ನಮ್ಮ ಅನುವಾದಕರೇ ಹೇಳಲಿ. ಇನ್ನೇನಾದರೂ ಇದೆಯಾ ಅಲ್ಲಿ?" ಎಂದ.

ನನಗೆ ಬಾಯಿಪಾಠವಾಗಿದ್ದ ಮಾತು ಅದು. ಇಂಗ್ಲಿಷಿನಲ್ಲಿ ಒಂದೇ ವಾಕ್ಯ.

"ಎಲ್ಲ ಪ್ರತಿಗಳಲ್ಲಿ ಇಲ್ಲ, ಸರ್," ಎಂದೆ.

ಸುಳ್ಳಲ್ಲ. ಹಳೆಯ ಹಸ್ತಪ್ರತಿಗಳು ಒಂದರಂತೆ ಇನ್ನೊಂದಿಲ್ಲ. ಅದಕ್ಕೇ ಆ ಮಾತು ಸುಳ್ಳಿಗಿಂತ ಕಡೆಯಾಯಿತು. ಸಾಯ್ಬರು ನನ್ನನ್ನು ಒಂದು ಸಲ ನೋಡಿ ಕೈ ಇಳಿಸಿದರು. ಸಮೋಸ ಬಂತು.

ಮೂರು ತಿಂಗಳಿಗೆ ಅವರ ಇಕಾಮಾ, ಅಂದರೆ ಆ ದೇಶದಲ್ಲಿರುವ ಪರವಾನಗಿ, ಮುಗಿಯುವುದಿತ್ತು. ಕಂಪೆನಿ ಅದನ್ನು ರಿನ್ಯೂ ಮಾಡಲಿಲ್ಲ. ಸ್ಟೋರಿಗೆ ಕಂಪ್ಯೂಟರ್ ತಿಳಿದವರು ಬೇಕು ಎಂದು ಮ್ಯಾನೇಜರ್ ಕಾರಣ ಹೇಳಿದ. ಆ ಕಾಗದವನ್ನು ಟೈಪ್ ಮಾಡಿದವನೂ ನಾನೇ. ಹನ್ನೆರಡು ವರ್ಷ ದುಡಿದ ಮನುಷ್ಯ "ಖಲಾಸ್, ಪೊರ್ಬುಗಳೇ" ಎಂದು ಅದನ್ನು ಮಡಿಚಿ ಅಂಗಿಯ ಕಿಸೆಗೆ ಹಾಕಿಕೊಂಡು ಹೋದರು. ಅದೇ ವಾರ ನನ್ನ ಹೆಂಡತಿಯ ಕಾಗದಕ್ಕೆ ಸಹಿ ಬಿತ್ತು. ಬ್ನೇದ್ ಅಲ್ ಗಾರ್‌ನಲ್ಲಿ ಮನೆ ಮಾಡಿದೆವು. ಸಂಸಾರ ಚೆನ್ನಾಗಿಯೇ ನಡೆಯಿತು. ಆದರೆ ಇದನ್ನು ನಾನು ಹೆಂಡತಿಗೆ ಹೇಳಿದ್ದು ಆರು ವರ್ಷದ ಮೇಲೆ.

ಅವಳೇ ನನ್ನನ್ನು ದಬ್ಬಿದಳು. ಮುಂದಿನ ರಜೆಯಲ್ಲಿ ಮಂಗಳೂರಿನ ಬಂದರಿಗೆ ಹೋಗಿ ಸಾಯ್ಬರನ್ನು ಹುಡುಕಿದೆ. ಹಗ್ಗ, ಬಲೆ ಮಾರುವ ಸಣ್ಣ ಅಂಗಡಿ ಇಟ್ಟಿದ್ದರು. ಸ್ಟೂಲ್ ಎಳೆದು ಕೂರಿಸಿ ಚಾ ತರಿಸಿದರು.

"ನಾನು ಅವತ್ತು ಹೇಳಬೇಕಿತ್ತು, ಸಾಯ್ಬರೇ."

"ಹೌದು, ಹೇಳಬೇಕಿತ್ತು."

"ನಿಮಗೆ ನನ್ನ ಮೇಲೆ ಸಿಟ್ಟಿಲ್ವಾ?"

"ಇತ್ತು. ಒಂದು ವರ್ಷ ಚಂದ ಮಾಡಿ ಇತ್ತು. ಮತ್ತೆ ಮಗಳ ಮದುವೆ ಬಂತು, ಈ ಅಂಗಡಿ ಬಂತು. ಸಿಟ್ಟು ಇಟ್ಟುಕೊಳ್ಳಲಿಕ್ಕೂ ಪುರ್ಸೊತ್ತು ಬೇಕಲ್ಲ ಮಾರಾಯ್ರೆ." ಅಷ್ಟರಲ್ಲಿ ಗಿರಾಕಿ ಬಂದ. ಅವರು ಎದ್ದು ಹೋಗಿ ಹಗ್ಗ ಅಳೆಯತೊಡಗಿದರು.

ನಾಲ್ಕು ಬೈದಿದ್ದರೆ ನಾನು ಹಗುರಾಗಿ ಎದ್ದು ಬರುತ್ತಿದ್ದೆನೋ ಏನೋ. ಅವರು ಬೈಯಲಿಲ್ಲ. ಚಾ ಆರುವವರೆಗೆ ಕುಳಿತಿದ್ದು, ಬರ್ತೇನೆ ಎಂದು ಹೇಳಿ ಹೊರಟೆ.