ಸೀತವ್ವನ ಸುರ ತಪ್ಪಿರಲಿಲ್ಲ

ಸತ್ತ ಹೆಂಗಸೊಬ್ಬಳಿಗೆ ಹಾಡಲು ಬರುತ್ತಿರಲಿಲ್ಲ ಎಂದು ನಾನು ಅವಳ ಮಗಳೆದುರು ಸುಳ್ಳು ಹೇಳಿದೆ. ತಿಳಿಯದೆ ಆಡಿದ ಮಾತಲ್ಲ ಅದು. ಹೇಳುವಾಗಲೇ ಗೊತ್ತಿತ್ತು—ಗೊತ್ತಿದ್ದೇ ಹೇಳಿದೆ. ಹದಿನೆಂಟು ವರ್ಷವಾಯಿತು. ಈಗ ಬರೆಯುವಾಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಹೊಲಿಗೆ ಯಂತ್ರ, ಗೋಡೆ ಗಡಿಯಾರ ರಿಪೇರಿ ಮಾಡುತ್ತೇನೆ. ಆದರೆ ಹೆಸರು ಬಂದದ್ದು ಚಾವಿ ಕೊಟ್ಟು ನಡೆಸುವ ಹಳೆಯ ಗ್ರಾಮೋಫೋನುಗಳಿಂದ. ಊರಿನ ಅರ್ಧ ಜನ ನನ್ನನ್ನು ‘ಉಸ್ತಾದ್’ ಎಂದೇ ಕರೆಯುತ್ತಾರೆ. ಆ ಒಂದು ಶಬ್ದ ನನ್ನನ್ನು ಎಷ್ಟು ಕೆಡಿಸಿತು ಎಂಬುದು—ಇರಲಿ. ಶಬ್ದದ ಮೇಲೆ ಯಾಕೆ ಹಾಕಲಿ? ಕೆಟ್ಟವನು ನಾನು.

ತಿಕೋಟಾದ ಕಾಶವ್ವ ಒಂದು ದಿನ ಅಂತಹ ಗ್ರಾಮೋಫೋನ್ ಪೆಟ್ಟಿಗೆಯೊಂದನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದರು. ಜೊತೆಗೆ ಒಂದೇ ಒಂದು ರೆಕಾರ್ಡು. ಅದರಲ್ಲಿ ಹಾಡಿದವಳು ಅವರ ತಾಯಿ ಸೀತವ್ವ, ನಾಟಕ ಕಂಪನಿಯಲ್ಲಿದ್ದವಳು. ಕಾಶವ್ವ ನಾಲ್ಕು ವರ್ಷದವರಿದ್ದಾಗ ಆಕೆ ತೀರಿಕೊಂಡಿದ್ದಳು. ಪೆಟ್ಟಿಗೆಯ ಸ್ಪ್ರಿಂಗ್ ಮುರಿದು ಅದು ಅಟ್ಟ ಸೇರಿದ್ದರಿಂದ ಮಗಳು ತನಗೆ ನೆನಪಿರುವಂತೆ ತಾಯಿಯ ದನಿಯನ್ನೇ ಕೇಳಿರಲಿಲ್ಲ. ಕೇಳಿದ್ದು ಬೇರೆ—ಅವರ ಕಾಕಾ ಮದುವೆ ಮುಂಜಿ ಎನ್ನದೆ ನಾಲ್ಕು ಜನರೆದುರು ಆಡುತ್ತಿದ್ದ ಮಾತು. ಸೀತವ್ವನಿಗೆ ಸುರವೇ ಇರಲಿಲ್ಲವಂತೆ, ಅದಕ್ಕೇ ಕಂಪನಿಯವರು ಹೊರಗೆ ಹಾಕಿದರಂತೆ.

“ಒಮ್ಮೆ ನಮ್ಮವ್ವನ ದನಿ ಕೇಳಿಸಿಬಿಡ್ರಿ ಉಸ್ತಾದ್ರ. ಕಾಕಾನ ಬಾಯಿ ಮುಚ್ಚಸ್ತೀನಿ,” ಎಂದು ನಗುತ್ತ ಹೇಳಿ ಹೋದರು.

ದೊಡ್ಡ ಸ್ಪ್ರಿಂಗ್ ಬದಲಿಸಿದೆ. ಆದರೆ ತಟ್ಟೆ ಒಂದೇ ವೇಗದಲ್ಲಿ ತಿರುಗಲು ಒಳಗೆ ಇನ್ನೊಂದು ಭಾಗವಿರುತ್ತದೆ. ಗವರ್ನರ್ ಎನ್ನುತ್ತೇವೆ. ಮೂರು ಸಣ್ಣ ಗುಂಡು, ಅವನ್ನು ಹಿಡಿದಿರುವ ಮೂರು ತೆಳ್ಳನೆಯ ಪಟ್ಟಿ. ಮೂರೂ ಒಂದೇ ತೂಕ, ಒಂದೇ ದಪ್ಪ ಇರಬೇಕು. ಇಲ್ಲದಿದ್ದರೆ ತಟ್ಟೆ ಒಮ್ಮೆ ಓಡುತ್ತದೆ, ಒಮ್ಮೆ ಕುಂಟುತ್ತದೆ, ಅದರ ಮೇಲಿನ ಹಾಡೂ ಹಾಗೆಯೇ. ಸ್ಕ್ರೂ ಬಿಗಿಯುವಾಗ ಒಂದು ಪಟ್ಟಿ ನನ್ನ ಕೈಯಲ್ಲಿ ಮುರಿಯಿತು. ಮುಂಬಯಿಯಿಂದ ತರಿಸಬಹುದಿತ್ತು. ಹದಿನೈದು ದಿನ ತಡೀರಿ, ನನ್ನ ಕೈಯಿಂದ ಮುರಿದಿದೆ ಎಂದರೆ ಮುಗಿಯುತ್ತಿತ್ತು. ನಾನು ಗಡಿಯಾರದ ಸ್ಪ್ರಿಂಗನ್ನು ಕತ್ತರಿಸಿ ಕೂಡಿಸಿದೆ. ಅದು ದಪ್ಪವಾಗಿತ್ತು, ಸೀತವ್ವನ ಹಾಡು ಅಲುಗಾಡಿತು. ನನ್ನ ಬಳಿಯಿದ್ದ ಬೇರೊಂದು ರೆಕಾರ್ಡು ಹಾಕಿ ನೋಡಿದೆ—ಅದೂ ಅಲುಗಾಡಿತು. ಆಗಲೇ ಗೊತ್ತಾಯಿತು. ಆದರೂ ಮುಚ್ಚಳ ಮುಚ್ಚಿದೆ.

ಕಾಶವ್ವ ಪೆಟ್ಟಿಗೆ ಒಯ್ಯಲು ಬಂದ ದಿನ ಅಂಗಡಿಯಲ್ಲಿ ಗೋಳಗುಮ್ಮಟದ ಕಡೆಯ ಇಬ್ಬರು ಕೂತಿದ್ದರು. ಒಬ್ಬರು ಕಾಲೇಜಿನ ಮೇಷ್ಟ್ರು. ಇಂಥ ಕೈ ಈಗ ಸೊಲ್ಲಾಪುರದಲ್ಲೂ ಸಿಗುವುದಿಲ್ಲ ಎಂದು ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ. ಕಾಶವ್ವ ಚಪ್ಪಲಿ ಹೊರಗೆ ಬಿಟ್ಟು ಬಂದು ಕೂತರು—ಅಂಗಡಿಗೆ ಯಾರಾದರೂ ಚಪ್ಪಲಿ ಬಿಟ್ಟು ಬರುತ್ತಾರೆಯೇ? ತಾಯಿಯ ದನಿ ಎಂದು ಬಿಟ್ಟಿದ್ದರು. ಚಾವಿ ಕೊಟ್ಟು ರೆಕಾರ್ಡು ಹಚ್ಚಿದೆ. ಸೀತವ್ವನ ದನಿ ಬಂತು, ತೂಗಾಡುತ್ತ, ಜಾರುತ್ತ, ಕುಡಿದವರ ನಡಿಗೆಯಂತೆ. ಮೇಷ್ಟ್ರು ಮುಖ ಕಿವಿಚಿದರು.

“ನಮ್ಮವ್ವನ ದನಿ ಹಿಂಗ್ಯಾಕ ಅಳ್ಳಾಡಾಕತ್ತೇತ್ರಿ?” ಎಂದರು ಕಾಶವ್ವ.

“ಮಷಿನ್ ಸರಿ ಐತ್ರಿ. ಹಾಡಿದಾಕಿ ಸುರಾನ ಹಂಗ ಐತಿ, ನಾ ಏನ್ ಮಾಡ್ಲಿ?”

ಹೌದು, ಇದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವರೇನೂ ದಡ್ಡರಲ್ಲ. “ಬ್ಯಾರೆ ರೆಕಾರ್ಡ್ ಹಚ್ಚಿ ನೋಡೂಣೇನ್ರಿ?” ಎಂದು ಕೇಳಿದರು. ಅಷ್ಟು ಮಾಡಿದ್ದರೆ ಸತ್ಯ ಅಲ್ಲೇ ಹೊರಗೆ ಬೀಳುತ್ತಿತ್ತು. ಅದು ಗೊತ್ತಿದ್ದೇ ನಾನು ಗದರಿದೆ—“ನನಗ ಕಲಸ್ತೀರೇನ್ರಿ?” ಮೇಷ್ಟ್ರು ನಕ್ಕರು. ನಾನೂ ನಕ್ಕೆ. ಕಾಶವ್ವ ರೆಕಾರ್ಡನ್ನು ಸೆರಗಿನಿಂದ ಒರೆಸಿ, ಪೆಟ್ಟಿಗೆ ಎತ್ತಿಕೊಂಡು, ಬಿಸಿಲಿನಲ್ಲಿ ಬಸ್ ನಿಲ್ದಾಣದ ಕಡೆ ನಡೆದರು.

ಹೋದ ತಿಂಗಳು ಅದೇ ಕಾಶವ್ವ ಮತ್ತೆ ಬಂದರು, ಅದೇ ಪೆಟ್ಟಿಗೆ, ಅದೇ ರೆಕಾರ್ಡಿನೊಂದಿಗೆ. “ಮನ್ಯಾಗ ಜಾಗ ಇಲ್ರಿ. ನಿಮಗ ಬಿಡಿ ಸಾಮಾನಿಗೆ ಬರ್ತಿದ್ರ ಇಟ್ಕೊಳ್ರಿ,” ಎಂದರು. ಸುಮ್ಮನಿರಲಾರದೆ ಮನೆಯ ಸುದ್ದಿ ಕೇಳಿದೆ. ಕೊನೆಯ ಮಗಳು ಸುಜಾತಾ ಬಬಲೇಶ್ವರದ ಶಾಲೆಯೊಂದರಲ್ಲಿ ಟೀಚರ್ ಎಂದರು. “ಸಣ್ಣಾಕಿದ್ದಾಗ ಭಾಳ ಹಾಡ್ತಿದ್ಲ್ರಿ. ಸಂಗೀತ ಕಲೀತೀನಿ ಅಂತ ಹಟ ಹಿಡದಿದ್ಲು. ನಾನ ಬಿಡಸಿದೆ. ನಮ್ಮವ್ವನಂಗ ಮಂದಿ ಕಡೆ ನಗಿಸಿಕೊಳ್ಳೂದು ಬ್ಯಾಡ ಅಂದೆ. ನಮ್ಮ ರಕ್ತದಾಗ ಸುರ ಇಲ್ಲಲ್ಲರಿ.”

ನನ್ನೆದುರೇ ಹೇಳಿದರು. ಯಾವ ಸಿಟ್ಟೂ ಇಲ್ಲದೆ, ನಿಜವೆಂದು ನಂಬಿ ಹೇಳಿದರು. ಆಗಲೂ ನಾನು ನಿಜ ಹೇಳಲಿಲ್ಲ. ಪೆಟ್ಟಿಗೆ ಇಟ್ಟುಕೊಂಡೆ. ಹೋಗಿ ಬರ್ರಿ ಎಂದೆ. ಥೂ.

ಹೊಸ ಪಟ್ಟಿಗಳನ್ನು ತರಿಸಿದೆ, ಮೂರನ್ನೂ ಬದಲಿಸಿದೆ. ರೆಕಾರ್ಡಿನಡಿ ಕಾಗದದ ಚೂರು ಸಿಕ್ಕಿಸಿ ಸುತ್ತು ಎಣಿಸಿದೆ—ನಿಮಿಷಕ್ಕೆ ಎಪ್ಪತ್ತೆಂಟು, ಇರಬೇಕಾದಷ್ಟೇ, ಮತ್ತೆ ಎಣಿಸಿದರೂ ಎಪ್ಪತ್ತೆಂಟು. ಒಂದು ಬೆಳಗಿನ ಕೆಲಸ! ಆಮೇಲೆ ಮುಳ್ಳು ಇಳಿಸಿದೆ. ಸೀತವ್ವ ಹಾಡಿದಳು. ಅಷ್ಟು ನೆಟ್ಟನೆಯ ದನಿಯನ್ನು ನಾನು ಆ ಅಂಗಡಿಯಲ್ಲಿ ಕೇಳಿರಲಿಲ್ಲ. ಮೇಲಿನ ಷಡ್ಜದಲ್ಲಿ ನಿಂತಳು—ನಿಂತೇ ಇದ್ದಳು.

ಮರುದಿನ ಪೆಟ್ಟಿಗೆ ಹೊತ್ತು ತಿಕೋಟಾಕ್ಕೆ ಹೋದೆ. ಭಾನುವಾರವಾದ್ದರಿಂದ ಸುಜಾತಾಳೂ ಮನೆಯಲ್ಲಿದ್ದಳು. ಮೊದಲು ಎಲ್ಲವನ್ನೂ ಹೇಳಿದೆ. ಪಟ್ಟಿ ಮುರಿದದ್ದು, ಗೊತ್ತಿದ್ದೂ ಸುಳ್ಳು ಹೇಳಿದ್ದು, ಯಾಕೆ ಗದರಿದೆ ಎಂಬುದು. ಆಮೇಲೆ ಹಾಡು ಹಚ್ಚಿದೆ.

ಹಾಡು ಮುಗಿದ ಮೇಲೆ ಕಾಶವ್ವ ಎದ್ದು ನಿಂತರು. “ಕಾಕಾ ಹ್ವಾದ ವರ್ಷ ಸತ್ತಾನ,” ಎಂದರು. “ಅಂವಾ ಸಾಯೂತನಕಾ ನಮ್ಮವ್ವನ್ನ ಆಡಕೊಂಡ. ನಾ ತಲಿ ಬಗ್ಗಿಸಿ ಕುಂತೆ. ಯಾಕಂದ್ರ ಉಸ್ತಾದ್ರು ಹೇಳಿದ್ರಲ್ಲ! ನನ್ನ ಬಾಯಾಗ ಮಣ್ಣ ಹಾಕಿದ್ರಿ ನೀವು. ಹದಿನೈದ್ ದಿನ ತಡೀ ಅಂದಿದ್ರ ನಾ ತಡೀತಿದ್ದಿಲ್ಲೇನ್ರಿ? ನಲವತ್ತು ವರ್ಷ ತಡದಾಕಿಗೆ ಹದಿನೈದು ದಿನ ಹೆಚ್ಚಾಕ್ಕಿತ್ತೇನು?”

ಅವರು ಕೂಗಿದ್ದು ಬೀದಿಗೆ ಕೇಳಿಸಿತು. ಬಾಗಿಲಲ್ಲಿ ಜನ ಸೇರಿದರು. ಸೇರಲಿ ಎಂದುಕೊಂಡೆ.

ಸುಜಾತಾ ತಾನೇ ಚಾವಿ ಕೊಟ್ಟು ಅದೇ ರೆಕಾರ್ಡನ್ನು ಮತ್ತೆ ಹಚ್ಚಿದಳು. ಎರಡನೆಯ ಸಾಲು ಬಂದಾಗ ಅಜ್ಜಿಯ ಜೊತೆ ಹಾಡಲು ಬಾಯಿ ತೆರೆದಳು. ದನಿ ಏಳಲಿಲ್ಲ. ಇನ್ನೊಮ್ಮೆ ತೆರೆದಳು—ಏನೋ ಸದ್ದಾಯಿತು, ಅಷ್ಟೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿಬಿಟ್ಟಳು. ಸೀತವ್ವ ಒಬ್ಬಳೇ ಹಾಡು ಮುಗಿಸಿದಳು.

“ನೀವಿನ್ನ ಹೋಗ್ರಿ,” ಎಂದರು ಕಾಶವ್ವ.

ನಾನು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ, ಮನೆಗೆ ಬಂದವನಿಗೆ ಇಲ್ಲವೆನ್ನಲಾರದೆ ಕೊಟ್ಟೇಬಿಡುತ್ತಿದ್ದರೋ ಏನೋ. ಅವರ ಸಿಟ್ಟು ಅವರದು, ಹದಿನೆಂಟು ವರ್ಷ ತಡವಾಗಿ ಸಿಕ್ಕಿದೆ. ಅದನ್ನೂ ಅವರ ಕೈಯಿಂದ ತೆಗೆದುಕೊಂಡು ಬರುವ ಮನಸ್ಸಾಗಲಿಲ್ಲ.