ಸೋಪಿನ ಗೋಡೆಯ ಮೇಲಿದ್ದ ಮುಖ

ಪುಸ್ತಕಗಳನ್ನು ಬೀದಿಯಲ್ಲಿಟ್ಟು ಹೋಗುತ್ತಾರೆ ಎಂದರೆ ನೀವು ನಂಬುತ್ತೀರಾ? ನರ್ಸ್ ಕೆಲಸಕ್ಕೆಂದು ಹ್ಯಾಂಬರ್ಗಿಗೆ ಬಂದ ಮೊದಲ ವಾರ, ಬಾಗಿಲ ಮುಂದೆ ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆ ಕಂಡು, ಯಾರೋ ಮರೆತಿದ್ದಾರೆಂದು ಪಕ್ಕದ ಮನೆಯ ಗಂಟೆ ಒತ್ತಿದ್ದೆ. ಪೆಟ್ಟಿಗೆಯ ಮೇಲೆ ‘ತ್ಸು ಫೆರ್‌ಶೆಂಕನ್’ ಎಂದು ಬರೆದಿತ್ತು. ಬೇಕಾದವರು ಸುಮ್ಮನೆ ಒಯ್ಯಿರಿ ಅಂತ ಅರ್ಥವಂತೆ. ನಮ್ಮ ಸರಗೂರಿನಲ್ಲಾದರೆ ಹಳೇ ಪುಸ್ತಕ ಕಡಲೆಕಾಯಿ ಪೊಟ್ಟಣವಾಗುತ್ತದೆ.

ರಾಗಿ ಸಿಗದೆ ಇಲ್ಲಿಯ ರೈ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋಗಿ, ಅದು ತಳಕ್ಕಂಟಿ ಪಾತ್ರೆಯನ್ನೇ ಕಳೆದುಕೊಂಡವಳು ನಾನು. ಜರ್ಮನ್ ಭಾಷೆಯೂ ಹಾಗೇ ನಾಲಗೆಗೆ ಅಂಟಿಕೊಳ್ಳುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಚಿತ್ರ ಜಾಸ್ತಿ ಇದ್ದರೆ ಓದುವುದು ಸುಲಭವೆಂದು ಪೆಟ್ಟಿಗೆಯಿಂದ ಒಂದು ದಪ್ಪ ಪುಸ್ತಕ ಆರಿಸಿಕೊಂಡೆ. ಪಾಪ್ ಆರ್ಟ್ ಮತ್ತು ಜನಪ್ರಿಯ ಸಂಸ್ಕೃತಿಯ ಬಗ್ಗೆ. ಮೊದಲ ಪುಟದಲ್ಲಿ ಯಾರದೋ ಹೆಸರು, ಅಂಚಿನಲ್ಲೆಲ್ಲ ಪೆನ್ಸಿಲ್ ಗೆರೆ. ಬೆಂಕಿಪೊಟ್ಟಣ, ಸಿನಿಮಾ ಪೋಸ್ಟರ್, ಅಂಗಡಿ ಗೋಡೆಯ ಜಾಹೀರಾತು ಎಲ್ಲವೂ ಕಲೆಯೇ ಎಂದು ಅದರಲ್ಲಿತ್ತು.

ಕೋಣೆ ಬಾಡಿಗೆಗೆ ಕೊಟ್ಟ ಉರ್ಸುಲಾ ಅಜ್ಜಿ ಆ ಪುಸ್ತಕದಲ್ಲಿದ್ದ ಒಂದು ಗೋಡೆ ಚಿತ್ರ ತೋರಿಸಿ, “ನಿಮ್ಮಲ್ಲೂ ಹೀಗೆ ಕೈಯಲ್ಲೇ ಬರೆಯುವವರಿದ್ದಾರಾ? ನಿನಗೆ ಯಾರಾದರೂ ಗೊತ್ತಾ?” ಎಂದರು.

“ಇಲ್ಲ” ಎಂದುಬಿಟ್ಟೆ. ಥೂ, ನನ್ನ ನಾಲಗೆಗಿಷ್ಟು ಬೆಂಕಿ ಹಾಕ!

ನನ್ನ ಸೋದರಮಾವ ಪುಟ್ಟಮಾದಯ್ಯ ನಮ್ಮ ಸರಗೂರಿನ ಅರ್ಧ ಅಂಗಡಿಗಳ ಬೋರ್ಡು ಬರೆದವರು. ನಾನು ಪಿಯುಸಿಯಲ್ಲಿದ್ದಾಗ ರಸ್ತೆ ಬದಿಯ ನಮ್ಮ ಮನೆ ಗೋಡೆಗೆ ಬಟ್ಟೆ ಸೋಪಿನ ಜಾಹೀರಾತು ಬರೆದರು. ಕಂಪನಿ ಕೊಟ್ಟ ಕಾಗದದಲ್ಲಿ ಬೆಳ್ಳಗಿನ ಹೆಂಗಸಿದ್ದಳು. ಮಾವ ನನ್ನ ಮುಖ ಬರೆದರು, ನನ್ನದೇ ಕಪ್ಪು ಬಣ್ಣದಲ್ಲಿ. ಕಾಲೇಜು ಬಸ್ಸಿನ ತುಂಬ ನಾನು ‘ಸೋಪವ್ವ’ ಆದೆ. ಅವಮಾನ ತಡೆಯಲಾರದೆ ಒಂದು ಮಧ್ಯಾಹ್ನ ಆ ಮುಖಕ್ಕೆ ಸುಣ್ಣ ಬಳಿದೆ. ಮಳೆಗೆ ಹೋಯಿತೆಂದು ಮಾವನಿಗೆ ಹೇಳಿದೆ. ಅವರು ಬಂದು ಆ ಜಾಗದಲ್ಲಿ ಬೆಳ್ಳಗಿನವಳನ್ನು ಬರೆದು ಹೋದರು.

ಉರ್ಸುಲಾ ಅಜ್ಜಿಗೆ ಹೇಳಿದ ಸುಳ್ಳಿನ ಜೊತೆ ಆ ಹಳೇ ಸುಳ್ಳೂ ನೆನಪಾಗುತ್ತಿತ್ತು. ರಜೆಯ ದಿನ ಮಾವನಿಗೆ ಫೋನ್ ಮಾಡಿ, “ಮಾವ, ಅವತ್ತು ಮಳೆಯಲ್ಲ, ನಾನೇ ಅಳಿಸಿದ್ದು” ಎಂದೆ.

ಮಾವ ನಕ್ಕರು. “ಗೊತ್ತು ಕಣವ್ವ. ಮಳೆ ಬರೀ ಮೊಕ ಒಂದ್ನೇ ಅಳ್ಸ್ಕಂಡ್ ಓಯ್ತದಾ?”

“ಮತ್ತೆ ಯಾಕೆ ಒಂದು ಮಾತೂ ಬೈಯಲಿಲ್ಲ?”

“ಏನಂತ ಬಯ್ಯಲಿ? ನಿನ್ ಕೇಳ್ದೆ ಬರೆದಿದ್ದು ನಂದೇ ತಪ್ಪಲ್ವಾ? ಅಷ್ಟೂ ಜನದ ಮುಂದೆ ನಿಂಗೆ ನಾಚ್ಕೆ ಆಗೋ ಅಂಗೆ ಮಾಡ್ಬುಟ್ಟೆ. ಬುಡು ಮಗಾ, ಉಂಡ್ಯಾ?”

ಕ್ಷಮೆ ಕೇಳಲೆಂದು ಫೋನ್ ಮಾಡಿದ್ದು ನಾನು. ಕೇಳಿದವರು ಅವರು. ಫೋನಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ಉರ್ಸುಲಾ ಅಜ್ಜಿಗೆ ಹರುಕುಮುರುಕು ಜರ್ಮನ್ನಿನಲ್ಲಿ ಎಲ್ಲ ಹೇಳಿದೆ. ಅವರು ಕಣ್ಣರಳಿಸಿ, “ಫೋಟೋ ಇದೆಯಾ?” ಎಂದರು.

ಇರಲಿಲ್ಲ. ಈ ಊರಿನಲ್ಲಿ ನನ್ನ ಮುಖ ಗುರುತಿಸುವವರು ಒಬ್ಬರೂ ಇಲ್ಲವೆಂದು ಎಷ್ಟೋ ದಿನ ಕೊರಗಿದ್ದೇನೆ. ಹೋಗಿ ಬರುವ ಬಸ್ಸಿನವರೆಲ್ಲ ಗುರುತಿಸುತ್ತಿದ್ದ ಮುಖವನ್ನು ನಾನೇ ಕೈಯಾರೆ ಅಳಿಸಿ ಬಂದಿದ್ದೇನೆ.